ಡ್ರೈನ್ ಸರಿ ಇತ್ತು, ಸೋತದ್ದು ಗೇಟ್: ಪೀಣ್ಯದ ಒಂದು ಕಂಟ್ರೋಲ್ ಕಾರ್ಡಿನ ಪ್ರಕರಣ

ಹಿನ್ನೆಲೆ

ಬೆಂಗಳೂರಿನ ಪೀಣ್ಯದಲ್ಲಿರುವ ಒಂದು ಸಣ್ಣ ಘಟಕ, ಅಡುಗೆ ಎಣ್ಣೆ ಪೌಚ್ ತುಂಬುವ ಯಂತ್ರಗಳಿಗೆ ಕಂಟ್ರೋಲ್ ಕಾರ್ಡ್ ತಯಾರಿಸುತ್ತದೆ. ಘಟಕ, ಗ್ರಾಹಕರು, ಬಿಡಿಭಾಗ ಕೊಟ್ಟ ಅಂಗಡಿ ಇವುಗಳ ಗುರುತು ಹತ್ತುವ ವಿವರಗಳನ್ನು ಇಲ್ಲಿ ಬಿಟ್ಟಿದೆ. ಸರ್ಕೀಟು, ಅಳತೆ, ತೀರ್ಮಾನಗಳು ಮಾತ್ರ ಇದ್ದಂತೆಯೇ ಇವೆ.

ಕಾರ್ಡಿನಲ್ಲಿ 8 ಚಾನೆಲ್. ಒಂದೊಂದು ಚಾನೆಲ್ ಒಂದೊಂದು ಸೊಲೆನಾಯ್ಡ್ ವಾಲ್ವ್, ಅಂದರೆ ಕಾಯಿಲಿಗೆ ಕರೆಂಟ್ ಕೊಟ್ಟಾಗ ತೆರೆಯುವ ವಾಲ್ವ್, ನಡೆಸುತ್ತದೆ. ಕಾಯಿಲ್ 24 ವೋಲ್ಟ್ ಡಿಸಿ, 12 ವಾಟ್. ಅಂದರೆ ಕರೆಂಟ್ 0.5 ಆಂಪಿಯರ್, ರೆಸಿಸ್ಟೆನ್ಸ್ 48 ಓಮ್. ಸ್ವಿಚ್ ಆಗಿ ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್, ಹೀಟ್‌ಸಿಂಕ್ ಇಲ್ಲದೆ ನಿಲ್ಲಿಸಿದ್ದು. ಇದು ಮೂರು ಕಾಲಿನ ಎಲೆಕ್ಟ್ರಾನಿಕ್ ಸ್ವಿಚ್: ಗೇಟಿಗೆ ವೋಲ್ಟೇಜ್ ಕೊಟ್ಟರೆ ಡ್ರೈನಿನಿಂದ ಸೋರ್ಸಿಗೆ ಕರೆಂಟ್ ಹರಿಯುತ್ತದೆ. ಮೈಕ್ರೋಕಂಟ್ರೋಲರಿನಿಂದ ಬರುವ ಸಿಗ್ನಲ್ ಪಿಸಿ817 ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಭಾಗ) ದಾಟಿ ಗೇಟಿಗೆ ಹೋಗುತ್ತದೆ. ಆಪ್ಟೊದ ಕಲೆಕ್ಟರ್ 7812 ರೆಗ್ಯುಲೇಟರ್ ಕೊಡುವ 12 ವೋಲ್ಟಿಗೆ, ಎಮಿಟರ್ ನೇರ ಗೇಟಿಗೆ, ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್. ಕಾಯಿಲ್ ಆಫ್ ಆಗುವಾಗ ಏಳುವ ವೋಲ್ಟೇಜನ್ನು ಹಿಡಿಯಲು ಅದಕ್ಕೆ ಅಡ್ಡಲಾಗಿ 1ಎನ್4007 ಡಯೋಡ್ ಕಾರ್ಡಿನ ಮೇಲೆಯೇ ಇದೆ. ಇದರಲ್ಲಿ ದೋಷ ಹುಡುಕುವಂಥದ್ದೇನೂ ಇಲ್ಲ. ಹಲವು ವರ್ಷ ಈ ಕಾರ್ಡುಗಳು ಯಾವ ತಕರಾರೂ ಇಲ್ಲದೆ ಓಡಿದ್ದವು.

ಒಂದು ಸಲ 25 ಕಾರ್ಡಿನ ಆರ್ಡರ್ ಬಂದಾಗ ಎಂದಿನ ವಿತರಕರ ಬಳಿ ಮಾಸ್‌ಫೆಟ್ ಸ್ಟಾಕ್ ಇರಲಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಿಂದ 250 ಪೀಸ್ ತಂದರು. ಪೀಸಿನ ಮೇಲೆ ಐಆರ್‌ಎಲ್‌ಝಡ್44 ಎಂದಿತ್ತು, ಕೊನೆಯಲ್ಲಿ ಎನ್ ಇರಲಿಲ್ಲ. ಕೇಳಿದ್ದಕ್ಕೆ, "ಎರಡೂ ಒಂದೇ ಸಾರ್, ಇದರದ್ದು ವೋಲ್ಟೇಜ್ ಇನ್ನೂ ಜಾಸ್ತಿನೇ ಇದೆ" ಎಂಬ ಉತ್ತರ ಬಂತು. ವೋಲ್ಟೇಜಿನ ಮಾತು ಸುಳ್ಳಲ್ಲ: ಎನ್ ಇರುವುದರ ಡ್ರೈನ್-ಸೋರ್ಸ್ ಮಿತಿ 55 ವೋಲ್ಟ್, ಇಲ್ಲದ್ದರದು 60. ಘಟಕದ ಸ್ಟೋರ್ ರಿಜಿಸ್ಟರಿನಲ್ಲಂತೂ ಮೊದಲಿನಿಂದಲೂ "ಝಡ್44" ಎಂದಷ್ಟೇ ಬರೆಯುತ್ತಿದ್ದರು. ಹೊಸ ಪೀಸುಗಳೂ ಅದೇ ಡಬ್ಬಿಗೆ ಬಿದ್ದವು.

ತೊಂದರೆ

ಐದನೇ ವಾರದ ಹೊತ್ತಿಗೆ ಮೊದಲ ಫೋನ್ ಬಂತು. ಯಂತ್ರ ನಿಲ್ಲಿಸಿದರೂ ಒಂದು ವಾಲ್ವ್ ಮುಚ್ಚುತ್ತಿಲ್ಲ, ಎಣ್ಣೆ ಸುರಿಯುತ್ತಲೇ ಇದೆ ಎಂದು. ಕಾರ್ಡ್ ತರಿಸಿ ನೋಡಿದರೆ ಒಂದು ಮಾಸ್‌ಫೆಟ್ಟಿನ ಡ್ರೈನ್-ಸೋರ್ಸ್ ಪೂರ್ತಿ ಶಾರ್ಟ್, ಅದರ ಸುತ್ತ ಪಿಸಿಬಿ ಕಂದು ಬಣ್ಣಕ್ಕೆ ತಿರುಗಿತ್ತು. ಇಲ್ಲೊಂದು ವಿಷಯ ಹೇಳಲೇಬೇಕು: ಮಾಸ್‌ಫೆಟ್ ಕೆಟ್ಟರೆ ಲೋಡ್ ಆಫ್ ಆಗುತ್ತದೆ ಎಂದು ಬಹಳ ಜನ ನಂಬಿರುತ್ತಾರೆ. ಹೆಚ್ಚಿನ ಸಲ ಆಗುವುದು ಅದರ ವಿರುದ್ಧ. ಅದು ಶಾರ್ಟ್ ಆಗಿಯೇ ಸಾಯುತ್ತದೆ, ಲೋಡ್ ಆನ್ ಆಗಿಯೇ ಉಳಿಯುತ್ತದೆ. ಎಣ್ಣೆಯ ಜಾಗದಲ್ಲಿ ಹೀಟರ್ ಅಥವಾ ಪ್ರೆಸ್ ಇದ್ದಿದ್ದರೆ ಪರಿಣಾಮ ಬೇರೆಯೇ ಆಗುತ್ತಿತ್ತು.

ಪೀಸ್ ಬದಲಾಯಿಸಿ ಕಳಿಸಿದರು. ಹಾಕಿದ್ದು ಅದೇ ಡಬ್ಬಿಯ ಪೀಸು. ನಾಲ್ಕು ತಿಂಗಳಲ್ಲಿ 25ರಲ್ಲಿ 9 ಕಾರ್ಡ್ ವಾಪಸ್ ಬಂದವು, ಕೆಲವು ಎರಡೆರಡು ಸಲ.

ಮಾಡಿ ನೋಡಿದ್ದು

ಮೊದಲ ಅನುಮಾನ ಹೋದದ್ದು ಲೈನ್ ವೋಲ್ಟೇಜಿನ ಏರುಪೇರಿನ ಮೇಲೆ. ಒಬ್ಬ ಗ್ರಾಹಕರು ಸ್ಟೆಬಿಲೈಸರ್ ಹಾಕಿಸಿದರು. ಅದರಿಂದ ಪ್ರಯೋಜನ ಆಗಲಿಲ್ಲ, ಆಗುವ ಹಾಗೂ ಇರಲಿಲ್ಲ. 24 ವೋಲ್ಟ್ ಕೊಡುವ ಪವರ್ ಸಪ್ಲೈಗೆ (ಎಸ್‌ಎಂಪಿಎಸ್) ಒಳಬರುವ ವೋಲ್ಟೇಜ್ ಸ್ವಲ್ಪ ಆಚೀಚೆ ಆದರೂ ಹೊರಗೆ 24 ವೋಲ್ಟ್ ಅಲುಗುವುದಿಲ್ಲ. ಮಲ್ಟಿಮೀಟರಿನಲ್ಲಿ ಅದನ್ನು ನೋಡಲು ಎರಡು ನಿಮಿಷ ಸಾಕಿತ್ತು.

ಎರಡನೇ ಅನುಮಾನ ಕಾಯಿಲಿನ ಕಿಕ್. ಇಂಡಕ್ಟಿವ್ ಲೋಡ್ ಆಫ್ ಆಗುವಾಗ ಡ್ರೈನ್ ಮೇಲೆ ಎದ್ದೇಳುವ ಸ್ಪೈಕು ಮಾಸ್‌ಫೆಟ್ ಕೊಲ್ಲುತ್ತದೆ ಎಂಬುದು ಈ ಕಸುಬಿನಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಕಾರಣ, ಎಷ್ಟೋ ಕಡೆ ನಿಜವೂ ಹೌದು. ಆದ್ದರಿಂದ 4 ಕಾರ್ಡುಗಳಲ್ಲಿ ಡ್ರೈನ್-ಸೋರ್ಸ್ ನಡುವೆ ಪಿ6ಕೆಇ36ಎ ಟಿವಿಎಸ್ ಡಯೋಡ್ ಹಾಕಿದರು. 30.8 ವೋಲ್ಟಿನವರೆಗೆ ಸುಮ್ಮನಿದ್ದು, ದೊಡ್ಡ ಸ್ಪೈಕ್ ಬಂದರೂ 49.9 ವೋಲ್ಟಿನೊಳಗೆ ಹಿಡಿದು ನಿಲ್ಲಿಸುವ ಭಾಗ ಅದು. 60 ವೋಲ್ಟಿನ ಮಾಸ್‌ಫೆಟ್ಟಿಗೆ ಆಯ್ಕೆ ಸರಿಯಾಗಿಯೇ ಇತ್ತು. ಆದರೂ ಅವುಗಳಲ್ಲಿ 2 ಕಾರ್ಡ್ ಮತ್ತೆ ಕೆಟ್ಟವು.

ದಾರಿ ತಪ್ಪಿದ್ದು ಮೂರನೇ ಹೆಜ್ಜೆಯಲ್ಲಿ. "60 ಸಾಲದು, 100 ವೋಲ್ಟಿಂದು ಹಾಕೋಣ" ಎಂದು ವಾಪಸ್ ಬಂದ 9 ಕಾರ್ಡುಗಳಲ್ಲೂ ಎಂಟೆಂಟು ಪೀಸ್ ತೆಗೆದು ಐಆರ್‌ಎಫ್540ಎನ್ ಕೂರಿಸಿದರು. ತೊಂದರೆ ನಿಂತೇಹೋಯಿತು. ಹೀಗಾಗಿ ಘಟಕದಲ್ಲಿ ಒಂದು ತೀರ್ಮಾನ ಗಟ್ಟಿಯಾಗಿ ಕೂತಿತು: ಡ್ರೈನ್ ಮೇಲೆ ಸ್ಪೈಕ್ ಬರುತ್ತಿತ್ತು, 100 ವೋಲ್ಟಿನ ಪೀಸು ತಡೆದುಕೊಂಡಿತು.

ಆ ತೀರ್ಮಾನ ತಪ್ಪು ಎಂದು ಗೊತ್ತಾದದ್ದು ಮುಂದಿನ ಡಿಸೈನಿನಲ್ಲಿ. ಹೊಸ ಕಾರ್ಡಿನಲ್ಲಿ ಆಪ್ಟೊದ ಖರ್ಚು ಉಳಿಸಲು ಅದನ್ನು ಬಿಟ್ಟು 3.3 ವೋಲ್ಟಿನ ಮೈಕ್ರೋಕಂಟ್ರೋಲರಿನಿಂದ ಗೇಟಿಗೆ ನೇರ ಕೊಟ್ಟಿದ್ದರು. "ಪರೀಕ್ಷೆ ಆದದ್ದು" ಎಂಬ ಧೈರ್ಯದಲ್ಲಿ ಅಲ್ಲಿಗೂ 540ಎನ್ ಹಾಕಿದರು. ಈ ಮಾಸ್‌ಫೆಟ್ಟಿನ ಗೇಟ್ ತ್ರೆಶೋಲ್ಡ್, ಅಂದರೆ ಆನ್ ಆಗಲು ಶುರುವಾಗುವ ಗೇಟ್ ವೋಲ್ಟೇಜ್, 2ರಿಂದ 4 ವೋಲ್ಟ್. 3.3 ವೋಲ್ಟ್ ಕೊಟ್ಟರೆ ಒಂದು ಪೀಸು ಚೆನ್ನಾಗಿ ಆನ್ ಆಗುತ್ತದೆ, ಇನ್ನೊಂದು ಅರೆಬರೆ ಆಗುತ್ತದೆ, ಮತ್ತೊಂದು ಆಗುವುದೇ ಇಲ್ಲ. ಬೆಂಚಿನ ಮೇಲೆ ಕೆಲವು ಚಾನೆಲ್ಲಿನ ವಾಲ್ವ್ ಎತ್ತಲಿಲ್ಲ, ಕೆಲವು ಮಾಸ್‌ಫೆಟ್ ಮುಟ್ಟಲಾಗದಷ್ಟು ಬಿಸಿ. ಆಗ ಹೊರಗಿನಿಂದ ಅನುಭವಿ ಸರ್ವಿಸ್ ಎಂಜಿನಿಯರ್ ಒಬ್ಬರನ್ನು ಕರೆಸಿದರು. ಅವರು ಹೊಸ ಕಾರ್ಡನ್ನು ಪಕ್ಕಕ್ಕಿಟ್ಟು ಕೇಳಿದ್ದು ಹಳೆಯ ಪೀಸುಗಳನ್ನು: "ತೆಗೆದವನ್ನ ಎಸೆದ್ರಾ, ಇಟ್ಟಿದ್ದೀರಾ?"

ತಿರುವು

ಇಟ್ಟಿದ್ದರು. ಬೆಂಚಿನಲ್ಲಿ ಕೆಲಸ ಮಾಡುವ ಹುಡುಗ 9 ಕಾರ್ಡುಗಳಿಂದ ಬಿಚ್ಚಿದ 72 ಪೀಸನ್ನೂ ಕಾರ್ಡಿಗೊಂದು ಪ್ಲಾಸ್ಟಿಕ್ ಕವರಿನಲ್ಲಿ, ಒಂದೊಂದರ ಮೇಲೆ ಚಾನೆಲ್ ನಂಬರಿನ ಟೇಪ್ ಅಂಟಿಸಿ ಎತ್ತಿಟ್ಟಿದ್ದ. ಈ ಅಭ್ಯಾಸ ಇರದಿದ್ದರೆ ಕಾರಣ ಯಾವತ್ತೂ ಸಿಗುತ್ತಿರಲಿಲ್ಲ.

ಸತ್ತ ಪೀಸುಗಳು ಏನನ್ನೂ ಹೇಳುವುದಿಲ್ಲ. ಡ್ರೈನ್-ಸೋರ್ಸ್ ಸುಟ್ಟು ಶಾರ್ಟ್ ಆದಾಗ ಆ ಬಿಸಿಗೆ ಗೇಟೂ ಹೋಗಿರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯಲು ಬರುವುದಿಲ್ಲ. ನೋಡಬೇಕಾದದ್ದು ಇನ್ನೂ ಕೆಲಸ ಮಾಡುತ್ತಿದ್ದ ಪೀಸುಗಳನ್ನು. ಮಲ್ಟಿಮೀಟರನ್ನು 20 ಮೆಗಾಓಮ್ ರೇಂಜಿನಲ್ಲಿಟ್ಟು ಗೇಟ್-ಸೋರ್ಸ್ ಅಳೆದರು. ಒಳ್ಳೆಯ ಮಾಸ್‌ಫೆಟ್ಟಿನಲ್ಲಿ ಅಲ್ಲಿ ಏನೂ ತೋರಿಸಬಾರದು, ಓಪನ್ ಇರಬೇಕು. 72ರಲ್ಲಿ 11 ಪೀಸು ಪೂರ್ತಿ ಶಾರ್ಟ್. ಇನ್ನು 14 ಪೀಸುಗಳ ಡ್ರೈನ್-ಸೋರ್ಸ್ ಆರೋಗ್ಯವಾಗಿತ್ತು, ಪೀಸಿನ ಒಳಗೇ ಇರುವ ಬಾಡಿ ಡಯೋಡ್ ಸರಿಯಾಗಿ ಅರ್ಧ ವೋಲ್ಟ್ ತೋರಿಸುತ್ತಿತ್ತು, ಆದರೆ ಗೇಟ್-ಸೋರ್ಸ್ ಸೋರುತ್ತಿತ್ತು: ಒಂದರಲ್ಲಿ 200 ಕಿಲೋಓಮ್, ಇನ್ನೊಂದರಲ್ಲಿ 6 ಕಿಲೋಓಮ್, ಮತ್ತೊಂದರಲ್ಲಿ 380 ಓಮ್.

ಡ್ರೈನ್ ಸ್ಪೈಕಿನಿಂದ ಕೆಟ್ಟಿದ್ದರೆ ಹೀಗೆ ಡ್ರೈನ್ ಚೆನ್ನಾಗಿದ್ದು ಗೇಟ್ ಮಾತ್ರ ಸೋರುವ ಪೀಸುಗಳು ಇಷ್ಟೊಂದು ಸಿಗುವುದಿಲ್ಲ. ಆದರೆ ಸ್ಥಾಯೀ ವಿದ್ಯುತ್ತಿನಿಂದ, ಅಂದರೆ ಕೈಯಿಂದ ಮುಟ್ಟುವಾಗ ಬಡಿಯುವ ಇಎಸ್‌ಡಿಯಿಂದ, ಹೀಗೇ ಆಗಬಹುದು. ಅದನ್ನು ತಳ್ಳಿಹಾಕಲು ಚಾನೆಲ್ ನಂಬರಿನ ಟೇಪೇ ಸಾಕಾಯಿತು. ಈ ಗ್ರಾಹಕರ ಯಂತ್ರಗಳಲ್ಲಿ ಬಳಕೆಯಲ್ಲಿದ್ದದ್ದು 6 ಚಾನೆಲ್. 7 ಮತ್ತು 8 ಸ್ಪೇರ್, ಒಮ್ಮೆಯೂ ಆನ್ ಆಗಿರಲಿಲ್ಲ. ಆ 18 ಸ್ಪೇರ್ ಪೀಸುಗಳಲ್ಲಿ ಒಂದರ ಗೇಟೂ ಸೋರುತ್ತಿರಲಿಲ್ಲ. ಅದೇ ಕೈ, ಅದೇ ಸೋಲ್ಡರಿಂಗ್ ಐರನ್, ಅದೇ ಡಬ್ಬಿ. ಇಎಸ್‌ಡಿ ಕಾರಣವಾಗಿದ್ದರೆ ಅವುಗಳಿಗೂ ಬಡಿಯಬೇಕಿತ್ತು. ಅವುಗಳ ಗೇಟು ಕಾಣದೆ, ಉಳಿದವುಗಳ ಗೇಟು ದಿನವಿಡೀ ಕಂಡದ್ದು ಒಂದೇ: 12 ವೋಲ್ಟ್.

ಎರಡೂ ಬಗೆಯ ಪೀಸಿನ ಡೇಟಾಶೀಟಿನ (ತಯಾರಕರ ವಿವರ ಪತ್ರದ) ಗರಿಷ್ಠ ಮಿತಿಗಳ ಪಟ್ಟಿ ಪಕ್ಕಪಕ್ಕ ಇಟ್ಟಾಗ ವಿಷಯ ಎದುರಿಗೇ ಇತ್ತು. ಎನ್ ಇರುವ 44ರ ಗೇಟ್-ಸೋರ್ಸ್ ಮಿತಿ ±16 ವೋಲ್ಟ್. ಎನ್ ಇಲ್ಲದ್ದರ ಮಿತಿ ±10 ವೋಲ್ಟ್. ಗುಣಪಡಿಸಿತು ಎಂದುಕೊಂಡಿದ್ದ 540ಎನ್‌ದು ±20. ತೊಂದರೆ ನಿಲ್ಲಿಸಿದ್ದು ಅದರ 100 ವೋಲ್ಟ್ ಡ್ರೈನ್ ಅಲ್ಲ, ಅದರ ಗಟ್ಟಿ ಗೇಟು.

ಗೇಟಿನಲ್ಲಿ ಆದದ್ದೇನು

ಗೇಟಿಗೂ ಸಿಲಿಕಾನಿಗೂ ನಡುವೆ ಇರುವುದು ನೂರು ನ್ಯಾನೋಮೀಟರಿಗಿಂತ ತೆಳುವಾದ ಸಿಲಿಕಾನ್ ಆಕ್ಸೈಡ್ ಪದರ. ಕಡಿಮೆ ವೋಲ್ಟಿನಲ್ಲೇ ಆನ್ ಆಗಲೆಂದು ಮಾಡಿದ ಲಾಜಿಕ್ ಲೆವೆಲ್ ಪೀಸುಗಳಲ್ಲಿ ಅದು ಇನ್ನೂ ತೆಳು. ಪದರಕ್ಕೆ ತಕ್ಕದ್ದಕ್ಕಿಂತ ಹೆಚ್ಚು ವೋಲ್ಟೇಜ್ ಬಿದ್ದರೆ, ಬಹಳ ಹೆಚ್ಚಾಗಿದ್ದರೆ ತಕ್ಷಣ ತೂತಾಗುತ್ತದೆ. ಸ್ವಲ್ಪ ಹೆಚ್ಚಾಗಿದ್ದರೆ ಒಳಗೆ ಸಣ್ಣ ದೋಷಗಳು ಒಂದೊಂದಾಗಿ ಕೂಡಿಕೊಳ್ಳುತ್ತ ಹೋಗುತ್ತವೆ. ಒಂದು ದಿನ ಅವು ಒಂದಕ್ಕೊಂದು ತಾಕಿ ಈ ಕಡೆಯಿಂದ ಆ ಕಡೆಗೆ ದಾರಿ ಮಾಡಿಕೊಳ್ಳುತ್ತವೆ. ಬಿಸಿ ಹೆಚ್ಚಿದಷ್ಟೂ ಇದು ಬೇಗ ಆಗುತ್ತದೆ. ಪ್ಯಾನೆಲ್ ಒಳಗೆ 45 ಡಿಗ್ರಿ ಸಾಮಾನ್ಯ.

ಡ್ರೈನ್ ಮಿತಿ ಮೀರುವುದಕ್ಕೂ ಗೇಟ್ ಮಿತಿ ಮೀರುವುದಕ್ಕೂ ಇಲ್ಲೇ ದೊಡ್ಡ ವ್ಯತ್ಯಾಸ. ಡ್ರೈನ್ ಮಿತಿ ದಾಟಿದರೆ ಮಾಸ್‌ಫೆಟ್ ಅವಲಾಂಚ್‌ಗೆ ಹೋಗಿ ತಾನೇ ವೋಲ್ಟೇಜನ್ನು ಹಿಡಿಯುತ್ತದೆ. ಆ ಶಕ್ತಿ ಅದರ ತಾಳಿಕೆಯೊಳಗಿದ್ದರೆ ಬಿಸಿಯಾಗಿ ತಣ್ಣಗಾಗುತ್ತದೆ, ಅಷ್ಟೇ. ಗೇಟಿಗೆ ಆ ರಿಯಾಯಿತಿ ಇಲ್ಲ. ಆಕ್ಸೈಡಿಗೆ ಆದ ಗಾಯ ಮಾಯುವುದಿಲ್ಲ, ಜೊತೆಗೆ ಹೊರಗೆ ಏನೂ ತೋರಿಸಿಕೊಳ್ಳುವುದೂ ಇಲ್ಲ. ಫ್ಯಾಕ್ಟರಿಯಲ್ಲಿ ಕಾರ್ಡ್ ಪಾಸ್, ಗ್ರಾಹಕರ ಬಳಿ ಒಂದು ತಿಂಗಳು ಪಾಸ್, ಆಮೇಲೆ ಫೋನ್.

ಗೇಟ್ ಸೋರಿದರೆ ಡ್ರೈನ್ ಏಕೆ ಸುಡಬೇಕು? ಈ ಕಾರ್ಡಿನಲ್ಲಿ ಆಪ್ಟೊ ಕೊಡುತ್ತಿದ್ದ ಕರೆಂಟ್ ಹೆಚ್ಚೆಂದರೆ 5 ಮಿಲಿಆಂಪಿಯರ್. ಗೇಟ್ ಸೋರಿಕೆ 6 ಕಿಲೋಓಮ್ ಇರುವವರೆಗೆ ಆಪ್ಟೊ ಅದನ್ನು ಸಲೀಸಾಗಿ ಎಳೆದುಕೊಂಡು ಹೋಗುತ್ತದೆ, ಗೇಟಿಗೆ ಪೂರ್ತಿ 12 ವೋಲ್ಟ್ ಸಿಗುತ್ತದೆ, ವಾಲ್ವ್ ಕೆಲಸ ಮಾಡುತ್ತದೆ. ಸೋರಿಕೆ 380 ಓಮಿಗೆ ಇಳಿದಾಗ 5 ಮಿಲಿಆಂಪಿಯರಿಗೆ ಗೇಟಿನಲ್ಲಿ ಉಳಿಯುವುದು 1.9 ವೋಲ್ಟ್. ಅದು ತ್ರೆಶೋಲ್ಡಿನ ಆಸುಪಾಸು. ಈಗ ಮಾಸ್‌ಫೆಟ್ ಪೂರ್ತಿ ಆನೂ ಅಲ್ಲ, ಆಫೂ ಅಲ್ಲ. ಪೂರ್ತಿ ಆನ್ ಇದ್ದಾಗ ಅದರ ರೆಸಿಸ್ಟೆನ್ಸ್ 28 ಮಿಲಿಓಮ್, 0.5 ಆಂಪಿಯರಿಗೆ ಒಳಗೆ ಹುಟ್ಟುವ ಬಿಸಿ 0.007 ವಾಟ್. ಅರ್ಧ ಆನ್ ಆಗಿ 12 ವೋಲ್ಟ್ ಕಾಯಿಲಿನ ಮೇಲೆ, 12 ವೋಲ್ಟ್ ತನ್ನ ಮೇಲೆ ಹೊತ್ತುಕೊಂಡರೆ ಕರೆಂಟ್ 0.25 ಆಂಪಿಯರ್, ಬಿಸಿ 3 ವಾಟ್. ಹೀಟ್‌ಸಿಂಕ್ ಇಲ್ಲದ ಟಿಒ-220 ಪ್ಯಾಕೇಜು ಒಂದು ವಾಟಿಗೆ ಸುಮಾರು 62 ಡಿಗ್ರಿ ಏರುತ್ತದೆ. 3 ವಾಟಿಗೆ 186 ಡಿಗ್ರಿ. ಪ್ಯಾನೆಲಿನ 45 ಸೇರಿಸಿದರೆ 231. ಸಿಲಿಕಾನಿನ ಮಿತಿ 175. ಪಿಸಿಬಿ ಕಂದಾದದ್ದು ಹೀಗೆ. ಕಣ್ಣಿಗೆ ಕಂಡದ್ದು ಸುಟ್ಟ ಡ್ರೈನ್, ರೋಗ ಇದ್ದದ್ದು ಗೇಟಿನಲ್ಲಿ.

ಒಬ್ಬ ಗ್ರಾಹಕರ ಜಾಗದಲ್ಲಿ ಆಸಿಲೋಸ್ಕೋಪ್ ಇಟ್ಟೂ ನೋಡಿದರು. ಪ್ರೋಬಿನ ಉದ್ದನೆಯ ಗ್ರೌಂಡ್ ಕ್ಲಿಪ್ ತೆಗೆದು, ಸಣ್ಣ ಸ್ಪ್ರಿಂಗನ್ನು ಸೋರ್ಸ್ ಕಾಲಿಗೇ ತಾಗಿಸಿ ಅಳೆಯಬೇಕು. ಉದ್ದದ ಕ್ಲಿಪ್ ತಾನೇ ಆಂಟೆನಾ ಆಗಿ ಇಲ್ಲದ ಸ್ಪೈಕ್ ತೋರಿಸುತ್ತದೆ. ಡ್ರೈನಿನಲ್ಲಿ ಆಫ್ ಆಗುವಾಗ ಕಂಡದ್ದು 24.8 ವೋಲ್ಟ್, ಅಂದರೆ 1ಎನ್4007 ತನ್ನ ಕೆಲಸ ಸರಿಯಾಗಿ ಮಾಡುತ್ತಿತ್ತು. ಗೇಟಿನಲ್ಲಿ ಸ್ಥಿರವಾಗಿ 11.9 ವೋಲ್ಟ್, ಪಕ್ಕದ 230 ವೋಲ್ಟ್ ಕಾಂಟ್ಯಾಕ್ಟರ್ (ದೊಡ್ಡ ರಿಲೇ) ಬಿಟ್ಟಾಗಲೆಲ್ಲ ಅದರ ಮೇಲೆ 15 ವೋಲ್ಟಿನ ಹತ್ತಿರ ಹೋಗುವ ಚೂಪು ಮೊನೆಗಳು. ಕಾಂಟ್ಯಾಕ್ಟರ್ ಕಾಯಿಲಿಗೆ ಆರ್‌ಸಿ ಸ್ನಬ್ಬರ್, ಅಂದರೆ ಸ್ಪೈಕ್ ಅಡಗಿಸುವ ರೆಸಿಸ್ಟರ್-ಕೆಪಾಸಿಟರ್ ಜೋಡಿ, ಹಾಕಿರಲಿಲ್ಲ. ±16ರ ಪೀಸು ಇಷ್ಟು ವರ್ಷ ಇದನ್ನು ಅಂಚಿನಲ್ಲಿ ನಿಂತು ತಡೆದಿತ್ತು.

ತೀರ್ಮಾನಗಳು

ಇನ್ನೂ ಕೆಡದ 16 ಕಾರ್ಡುಗಳ ಬಗ್ಗೆ ಘಟಕದಲ್ಲಿ ವಾದ ಆಯಿತು. ಕೆಟ್ಟಾಗ ನೋಡೋಣ ಎಂಬುದು ಮಾಲೀಕರ ಮೊದಲ ಮಾತು, ಖರ್ಚಿನ ದೃಷ್ಟಿಯಿಂದ ಸಹಜವೂ ಹೌದು. ಗ್ರಾಹಕರ ಬಳಿಗೇ ಹೋಗಿ ಅಳೆದು, ಸೋರುವುದನ್ನಷ್ಟೇ ಬದಲಿಸಬಹುದಲ್ಲ ಎಂಬ ಮಾತೂ ಬಂತು. ಅದು ಆಗದ ಕೆಲಸ. ಕಾರ್ಡಿನ ಮೇಲೆ ಗೇಟಿಗೆ 10 ಕಿಲೋಓಮ್ ಸಮಾಂತರವಾಗಿ ಕೂತಿರುತ್ತದೆ. 200 ಕಿಲೋಓಮ್ ಸೋರಿಕೆ ಇದ್ದರೂ ಮೀಟರ್ 9.5 ಕಿಲೋಓಮ್ ತೋರಿಸುತ್ತದೆ, ಶೇ. 5ರ ರೆಸಿಸ್ಟರಿನ ಹೆಚ್ಚುಕಡಿಮೆಯೊಳಗೆ ಅದು ಮುಚ್ಚಿಹೋಗುತ್ತದೆ. ಮೀಟರಿಗೆ ಓಪನ್ ಎಂದು ಕಾಣುವ ಪೀಸಿನ ಆಕ್ಸೈಡ್ ಎಷ್ಟು ಸವೆದಿದೆ ಎಂದು ತಿಳಿಯುವ ಉಪಾಯ ಬೆಂಚಿನ ಮೇಲೂ ಇಲ್ಲ. ಶಾರ್ಟ್ ಆದರೆ ವಾಲ್ವ್ ತೆರೆದೇ ಉಳಿಯುತ್ತದೆ ಎಂಬುದನ್ನು ಮುಂದಿಟ್ಟ ಮೇಲೆ ಮಾಲೀಕರು ಒಪ್ಪಿದರು: 16 ಕಾರ್ಡುಗಳಲ್ಲೂ ಎಲ್ಲ ಪೀಸು ಬದಲಾಯಿಸಿದರು. ಈ ಪ್ರಕರಣದ ಅತ್ಯಂತ ಸರಿಯಾದ ನಿರ್ಧಾರ ಇದೇ.

ಎನ್ ಇರುವ ಪೀಸು ತಂದರೆ ಮುಗಿಯಿತು ಎಂದು ಬಿಡಲಿಲ್ಲ. ನಾಳೆ ಇನ್ನೊಬ್ಬರು ಮತ್ತೆ ಅದೇ ತಪ್ಪು ಪೀಸು ತರಬಹುದು. ಬಂದರೂ ಗೇಟ್ ಉಳಿಯಬೇಕು. ಹಾಗಾಗಿ ಆಪ್ಟೊ ಎಮಿಟರಿಗೂ ಗೇಟಿಗೂ ನಡುವೆ 4.7 ಕಿಲೋಓಮ್ ಸೇರಿಸಿದರು. ಇದ್ದ 10 ಕಿಲೋಓಮಿನ ಜೊತೆ ಅದು 12 ವೋಲ್ಟನ್ನು 8.2ಕ್ಕೆ ಇಳಿಸುತ್ತದೆ. 7812 ತನ್ನ ಮೇಲಿನ ಅಂಚಿನಲ್ಲಿ 12.5 ಕೊಟ್ಟರೂ ಗೇಟಿಗೆ 8.5. ಲಾಜಿಕ್ ಲೆವೆಲ್ ಮಾಸ್‌ಫೆಟ್ 5 ವೋಲ್ಟಿನಲ್ಲೇ ಪೂರ್ತಿ ಆನ್ ಆಗುವುದರಿಂದ ಇದು ಧಾರಾಳ. ಗೇಟ್ ಮತ್ತು ಸೋರ್ಸ್ ಕಾಲುಗಳಿಗೆ ಆದಷ್ಟು ಅಂಟಿಕೊಂಡಂತೆ 1ಎನ್4739ಎ ಝೀನರ್. ಅದು 9.1 ವೋಲ್ಟಿನದು, ಶೇ. 5ರ ಲೆಕ್ಕದಲ್ಲಿ 8.65ರಿಂದ 9.55. ಎಂದಿನ ಕೆಲಸದಲ್ಲಿ ಅದು ಸುಮ್ಮನಿರುತ್ತದೆ, ಮೊನೆ ಬಂದಾಗ 10ರೊಳಗೆ ಹಿಡಿಯುತ್ತದೆ. ಝೀನರಿನಲ್ಲಿ ಹರಿಯುವ ಕರೆಂಟಿಗೆ 4.7 ಕಿಲೋಓಮೇ ಕಡಿವಾಣ. ಝೀನರನ್ನು ದೂರದಲ್ಲಿಟ್ಟು ಟ್ರ್ಯಾಕ್ ಎಳೆದರೆ ಅರ್ಧ ಉಪಯೋಗ ಅಲ್ಲೇ ಹೋಗುತ್ತದೆ.

ಈ ರೆಸಿಸ್ಟರುಗಳಿಂದ ಗೇಟ್ ನಿಧಾನವಾಗುತ್ತದೆ ನಿಜ. ಆನ್-ಆಫ್ ಆಗಲು ನೂರು ಮೈಕ್ರೋಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಸೆಕೆಂಡಿಗೊಮ್ಮೆ ಬಡಿಯುವ ವಾಲ್ವಿಗೆ ಅದು ಲೆಕ್ಕಕ್ಕಿಲ್ಲ. ಇದೇ ಸರ್ಕೀಟನ್ನು ಸಾವಿರಾರು ಹರ್ಟ್ಝಿನ ಪಿಡಬ್ಲ್ಯುಎಂಗೆ (ಬೇಗಬೇಗ ಆನ್-ಆಫ್ ಮಾಡಿ ನಡೆಸುವ ವಿಧಾನ) ತೆಗೆದುಕೊಂಡು ಹೋಗಬಾರದು. ಅಲ್ಲಿ ಪ್ರತಿ ಸಲವೂ ಅರ್ಧ ಆನ್ ಆದ ಸ್ಥಿತಿಯಲ್ಲೇ ಹೊತ್ತು ಕಳೆದು ಮಾಸ್‌ಫೆಟ್ ಸುಡುತ್ತದೆ. ಗೇಟ್ ಡ್ರೈವರ್ ಐಸಿ ಬೇಕು. 3.3 ವೋಲ್ಟಿನ ಹೊಸ ಕಾರ್ಡಿಗೂ ಆಪ್ಟೊ ವಾಪಸ್ ಬಂತು. 44ಎನ್ ಡೇಟಾಶೀಟ್ ಆನ್ ರೆಸಿಸ್ಟೆನ್ಸಿಗೆ ಭರವಸೆ ಕೊಡುವುದು 10, 5, 4 ವೋಲ್ಟಿನಲ್ಲಿ. 3.3ರಲ್ಲಿ ಓಡಿದರೂ ಅದು ಆ ಪೀಸಿನ ಪುಣ್ಯ, ಡಿಸೈನ್ ಅಲ್ಲ.

ಮಾಸ್‌ಫೆಟ್ ಮತ್ತೆ ಶಾರ್ಟ್ ಆಗುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು. ಆದ್ದರಿಂದ ವಾಲ್ವುಗಳ 24 ವೋಲ್ಟ್ ಲೈನನ್ನು ಪ್ರತ್ಯೇಕ ರಿಲೇ ಮೂಲಕ ಕೊಟ್ಟು, ಎಮರ್ಜೆನ್ಸಿ ಸ್ಟಾಪ್ ಒತ್ತಿದರೆ ಆ ರಿಲೇ ಬಿಡುವಂತೆ ಮಾಡಿದರು. ಕಾಂಟ್ಯಾಕ್ಟರುಗಳಿಗೆ 100 ಓಮ್, 0.1 ಮೈಕ್ರೋಫ್ಯಾರಡ್ ಸ್ನಬ್ಬರ್ ಹಾಕಿಸಿದರು. ಕೆಪಾಸಿಟರ್ ಮೇನ್ಸ್ ವೋಲ್ಟೇಜಿಗೆಂದೇ ಮಾಡಿದ ಎಕ್ಸ್2 ದರ್ಜೆಯದೇ ಇರಬೇಕು, ಮಾಮೂಲಿ ಡಿಸ್ಕ್ ಕೆಪಾಸಿಟರ್ ಅಲ್ಲ.

ಸ್ಟೋರಿನಲ್ಲಿ ಈಗ ಪೂರ್ತಿ ನಂಬರ್ ಬರೆಯುತ್ತಾರೆ, "ಝಡ್44" ಎಂಬ ಡಬ್ಬಿ ಇಲ್ಲ. ಬದಲಿ ಪೀಸು ಬಂದರೆ ಡ್ರೈನ್ ವೋಲ್ಟೇಜಿನ ಜೊತೆ ಗೇಟ್-ಸೋರ್ಸ್ ಮಿತಿ ಮತ್ತು ತ್ರೆಶೋಲ್ಡನ್ನು ಹಳೆಯದರ ಡೇಟಾಶೀಟಿನ ಪಕ್ಕ ಇಟ್ಟು ನೋಡಿ, ಸಹಿ ಹಾಕಿದ ಮೇಲೆಯೇ ಒಳಗೆ ತೆಗೆದುಕೊಳ್ಳುತ್ತಾರೆ. ಹೊಸ ಸ್ಟಾಕಿನ ಕೆಲವು ಪೀಸನ್ನು ಒಂದು ಸಣ್ಣ ಜಿಗ್ಗಿನಲ್ಲಿ ಪರೀಕ್ಷಿಸುತ್ತಾರೆ. ಡ್ರೈನ್ ಸೋರ್ಸ್ ಎರಡನ್ನೂ ಸೇರಿಸಿ 9 ವೋಲ್ಟ್ ಬ್ಯಾಟರಿಯ ಮೈನಸ್‌ಗೆ, ಬ್ಯಾಟರಿಯ ಪ್ಲಸ್‌ನಿಂದ 1 ಮೆಗಾಓಮ್ ದಾಟಿ ಗೇಟಿಗೆ, ಆ ಮೆಗಾಓಮಿಗೆ ಅಡ್ಡಲಾಗಿ ಮಲ್ಟಿಮೀಟರ್. ಡೇಟಾಶೀಟ್ ಬಿಡುವ ಗೇಟ್ ಸೋರಿಕೆ 100 ನ್ಯಾನೋಆಂಪಿಯರ್, ಅಂದರೆ ಮೀಟರಿನಲ್ಲಿ ಸುಮಾರು 0.1 ವೋಲ್ಟ್. ಒಳ್ಳೆಯ ಪೀಸು ಅಷ್ಟೂ ತೋರಿಸದೆ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಬ್ಯಾಟರಿ 9 ವೋಲ್ಟಿನದೇ ಇರಲಿ. 12 ವೋಲ್ಟ್ ಅಡಾಪ್ಟರ್ ಸಿಕ್ಕಿತೆಂದು ಹಚ್ಚಿದರೆ ±10ರ ಪೀಸುಗಳಿಗೆ ಪರೀಕ್ಷೆಯಲ್ಲೇ ಪೆಟ್ಟು ಬೀಳುತ್ತದೆ.